ಮೂರನೆಯ ಮುನ್ನೆಚ್ಚರಿಕೆ

ಆ ಹುಡುಗಿಯನ್ನು ಕ್ಲಾಸಿನಲ್ಲಿ ಎಲ್ಲರೂ ಪ್ರಿಂಟರ್ ಎಂದೇ ಕರೆಯುತ್ತಿದ್ದರು. ಬಿ.ಎಸ್ಸಿ. ಎರಡನೇ ವರ್ಷದ ಹದಿನೇಳು ಜನರಲ್ಲಿ ಅವಳೊಬ್ಬಳ ಅಕ್ಷರ ಮಾತ್ರ ಅಚ್ಚು ಹಾಕಿದ ಹಾಗಿತ್ತು. ಹಾಗಾಗಿ ಫಿಸಿಕ್ಸ್ ರೆಕಾರ್ಡನ್ನು ಮೊದಲು ಅವಳು ಬರೆಯಬೇಕು, ಆಮೇಲೆ ಉಳಿದ ಹದಿನಾರು ಜನ ಅದನ್ನು ನೋಡಿ ಇಳಿಸಿಕೊಳ್ಳಬೇಕು. ಇದು ಯಾರೂ ಮಾಡಿದ ಕಾನೂನಲ್ಲ. ಆದರೆ ಆ ಕಾಲೇಜಿನಲ್ಲಿ ಚಾಚೂ ತಪ್ಪದೆ ನಡೆಯುತ್ತಿದ್ದ ಕಾನೂನು ಎಂದರೆ ಇದೊಂದೇ. ಇದರ ಬಾಲವಾಗಿ ಇನ್ನೊಂದಿತ್ತು: ಯಾರ ರೆಕಾರ್ಡಿನಿಂದ ಇಳಿಸಿಕೊಂಡೆ ಎಂದು ಮೇಷ್ಟ್ರು ಕೇಳಿದರೆ, ಜೀವ ಹೋದರೂ ಬಾಯಿ ಬಿಡಬಾರದು.

ಅವಳ ಬೆಳಗು ನಾಲ್ಕೂವರೆಗೆ ಆಗುತ್ತಿತ್ತು. ಓದುವುದಕ್ಕೆ ಎದ್ದಳು ಅಂದುಕೊಳ್ಳಬೇಡಿ. ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದು ಹದಿನಾಲ್ಕು ತಿಂಗಳಾಗಿತ್ತು, ಅಮ್ಮನ ಅಮ್ಮ. ಎಡಭಾಗ ಪೂರ್ತಿ ಸ್ವಾಧೀನ ತಪ್ಪಿತ್ತು, ಮಾತು ಹೋಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು, ಡಾಕ್ಟರು ಒಂದು ಸಲ ಹೇಳಿ ಹೋದರು. ಹೊರಳಿಸಬೇಕಾದವರು ಇಬ್ಬರೇ, ಅಮ್ಮ ಮತ್ತು ಮಗಳು. ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ದಿನಕ್ಕೆ ಇನ್ನೂರು ಶರ್ಟುಗಳಿಗೆ ಕಾಲರ್ ಕೂರಿಸುವವಳು. ಅವಳು ಏಳಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರೂಕಾಲಿಗೆ. ಬಟ್ಟೆ ಬದಲಿಸುವುದು, ಮೈ ಒರೆಸುವುದು, ಗಂಜಿಯನ್ನು ಚಮಚದಲ್ಲಿ ಕುಡಿಸುವುದು, ಒದ್ದೆ ಚಾದರ ನೆನೆಸಿಡುವುದು ಎಲ್ಲ ಮುಗಿಸಿ ಪ್ರಿಂಟರ್ ಎಂಟೂಕಾಲಿನ ಬಸ್ಸು ಹಿಡಿಯುತ್ತಿದ್ದಳು. ಹಗಲು ಹೊತ್ತು ಎದುರುಮನೆ ಆಂಟಿ ಎರಡು ಸಲ ಬಂದು ಮಗ್ಗುಲು ಬದಲಿಸಿ ಹೋಗುತ್ತಿದ್ದರು. ಸೋದರಮಾವ ಭಾನುವಾರ ಭಾನುವಾರ ಫೋನ್ ಮಾಡಿ, "ಚೆನ್ನಾಗಿ ನೋಡ್ಕೊಳ್ಳಿ, ಹೆತ್ತತಾಯಿ ಅಲ್ವಾ" ಎನ್ನುತ್ತಿದ್ದ. ಫೋನಿನಲ್ಲಿ ಪ್ರೀತಿ ಮಾಡುವವರಿಗೆ ಸೊಂಟ ನೋಯುವುದಿಲ್ಲ.

ಬಸ್ಸಿನಲ್ಲಿ ಅವಳು ಕಂಬಿ ಹಿಡಿದು ನಿಂತುಕೊಂಡೇ ನಿದ್ದೆ ಹೊಡೆಯುತ್ತಿದ್ದಳು. ಲೈಬ್ರರಿಯಲ್ಲಿ ಪುಸ್ತಕ ತೆರೆದರೆ ಎರಡನೇ ಸಾಲಿಗೆ ಕಣ್ಣು ಎಳೆಯುತ್ತಿತ್ತು. ಓದಿನಲ್ಲಿ ದಡ್ಡಿಯಲ್ಲ, ಮೊದಲ ವರ್ಷ ಕ್ಲಾಸಿಗೆ ಎರಡನೆಯವಳು. ಈಗ ಪಾಸಾದರೆ ಸಾಕಪ್ಪಾ ಅನ್ನುವ ಮಟ್ಟಕ್ಕೆ ಬಂದಿದ್ದಳು. ಪಕ್ಕದಲ್ಲಿ ಕೂರುವ ಗೆಳತಿ, ಕನ್ನಡಕದವಳು, ಮೊಣಕೈಯಿಂದ ತಿವಿದು ತಿವಿದು ಎಬ್ಬಿಸುತ್ತಿದ್ದಳು. "ಏನೇ, ರಾತ್ರಿಯೆಲ್ಲಾ ಫೋನಾ?" ಎಂದು ಕ್ಲಾಸು ಛೇಡಿಸಿದರೆ ಇವಳು ಹೂಂ ಎಂದುಬಿಡುತ್ತಿದ್ದಳು. ಮನೆಯ ಕಥೆ ಹೇಳುವುದಕ್ಕಿಂತ ಅದು ಸಲೀಸು.

ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ತಿಂಗಳ ಮೊದಲು ಲ್ಯಾಬಿನಲ್ಲಿ ಬಿಸಿನೀರು ತಣಿಯುವ ಪ್ರಯೋಗವಿತ್ತು. ಪಾತ್ರೆಯಲ್ಲಿ ಕಾದ ನೀರು, ಅದರೊಳಗೊಂದು ಥರ್ಮಾಮೀಟರು. ನಿಮಿಷಕ್ಕೊಮ್ಮೆ ಎಷ್ಟು ಡಿಗ್ರಿ ಎಂದು ಬರೆದುಕೊಳ್ಳಬೇಕು, ಅಷ್ಟೇ. ಮೊದಮೊದಲು ಪಾದರಸ ಸರಸರ ಇಳಿಯಿತು. ಆಮೇಲೆ ನಿಧಾನವಾಯಿತು. ಇಪ್ಪತ್ತು ನಿಮಿಷವಾದ ಮೇಲಂತೂ ಇಳಿಯುತ್ತಿದೆಯೋ ನಿಂತಿದೆಯೋ ಗೊತ್ತಾಗದ ಹಾಗಾಯಿತು. ಅವಳಿಗೆ ಅಜ್ಜಿಯ ನೆನಪಾಯಿತು. ಮೊದಲ ವಾರ ಮಾತು ಹೋಯಿತು, ಎರಡನೇ ವಾರ ಕೈ, ಮೂರನೇ ವಾರ ಕಾಲು. ಇನ್ನೇನು, ಇವತ್ತೋ ನಾಳೆಯೋ ಎಂದು ನೆಂಟರೆಲ್ಲ ಬಂದು ನೋಡಿಕೊಂಡು ಹೋದರು. ಅಲ್ಲಿಂದ ಇಲ್ಲಿಯವರೆಗೆ ಏನೂ ಆಗಲಿಲ್ಲ. ಇದು ಎಷ್ಟು ದಿನ ಎಂದು ಯಾವ ಪುಸ್ತಕದಲ್ಲೂ ಸೂತ್ರ ಇರಲಿಲ್ಲ.

ಅಂದು ಲ್ಯಾಬು ಮುಗಿಯುವಷ್ಟರಲ್ಲಿ, ಅದೇ ಸ್ಟೂಲಿನ ಮೇಲೆ ಕುಳಿತು ರೆಕಾರ್ಡನ್ನೂ ಬರೆದು ಮುಗಿಸಿದಳು. ಕೊನೆಯಲ್ಲಿ ಮುನ್ನೆಚ್ಚರಿಕೆಗಳು ಎಂಬ ತಲೆಬರಹ, ಅದರ ಕೆಳಗೆ ನಾಲ್ಕು ಸಾಲು. ಕಣ್ಣು ಅರ್ಧ ಮುಚ್ಚಿತ್ತು, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಆ ಅಕ್ಷರ ಕಲಿಸಿದವಳೇ ಅಜ್ಜಿ, ಸ್ಲೇಟಿನ ಮೇಲೆ ಮಗುವಿನ ಕೈ ಹಿಡಿದು ತಿದ್ದಿಸಿದವಳು. ಬರೆದದ್ದನ್ನು ಇನ್ನೊಮ್ಮೆ ಓದುವ ಅಭ್ಯಾಸ ಪ್ರಿಂಟರಿಗೆ ಇರಲಿಲ್ಲ. ಪುಸ್ತಕ ಅವಳ ಕೈಯಿಂದ ಕ್ಲಾಸಿನ ಕೈಗೆ ಹೋಯಿತು, ಹದಿನಾರು ಮನೆ ಸುತ್ತಿ ಬಂತು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ರೆಕಾರ್ಡುಗಳಿಗೆ ಸಹಿ ಹಾಕಿಸಲು ಕೊನೆಯ ಮಧ್ಯಾಹ್ನ. ಸಹಿ ಇಲ್ಲದಿದ್ದರೆ ಪರೀಕ್ಷೆಗೆ ಒಳಗೆ ಬಿಡುವುದಿಲ್ಲ. ಪ್ರಿಂಟರಿನದಕ್ಕೆ ಹಿಂದಿನ ವಾರವೇ ಸಹಿ ಬಿದ್ದು ಬ್ಯಾಗು ಸೇರಿತ್ತು; ಆ ದಿನ ಅವಳು ಲ್ಯಾಬಿಗೆ ಬಂದಿದ್ದು ಹಾಜರಿಗೆ. ಫಿಸಿಕ್ಸ್ ಮೇಷ್ಟ್ರು ಸಹಿ ಹಾಕುವ ಚಂದ ನೋಡಬೇಕು. ಎಡಗೈ ಹಾಳೆ ತಿರುವುತ್ತದೆ, ಬಲಗೈ ಕೆಂಪು ಪೆನ್ನಿನಲ್ಲಿ ಟಿಕ್ಕು ಹಾಕುತ್ತದೆ, ಕಣ್ಣು ಕಿಟಕಿಯಾಚೆ ಇರುತ್ತದೆ. ಅಂದು ದುರದೃಷ್ಟಕ್ಕೆ ಪೆನ್ನಿನ ಇಂಕು ಮುಗಿಯಿತು. ಹಾಳೆಯ ಮೂಲೆಯಲ್ಲಿ ಗೀಚಿ ಗೀಚಿ ನೋಡುವಾಗ ಮೇಷ್ಟ್ರ ಕಣ್ಣು ಅಕ್ಷರಗಳ ಮೇಲೆ ಬಿತ್ತು. ಅವರು ಕನ್ನಡಕ ಸರಿಮಾಡಿಕೊಂಡರು.

"ಲಂಬೂ, ಬಾರೋ ಇಲ್ಲಿ," ಎಂದರು.

ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದದ ಹುಡುಗ ಎದ್ದು ಹೋದ.

"ಏನೋ ಇದು, ಮೂರನೇ ಮುನ್ನೆಚ್ಚರಿಕೆ? ಜೋರಾಗಿ ಓದು."

ಲಂಬೂ ಓದಿದ. "ಒಂದು, ಥರ್ಮಾಮೀಟರು ಪಾತ್ರೆಯ ತಳಕ್ಕೆ ತಾಗಬಾರದು. ಎರಡು, ನೀರನ್ನು ಒಂದೇ ಸಮನೆ ಕಲಕುತ್ತಿರಬೇಕು. ಮೂರು, ಅಜ್ಜಿ ಬೇಗ ಹೋಗಿಬಿಟ್ಟರೆ ಒಂದು ದಿನ ಪೂರ್ತಿ ಮಲಗಬಹುದು." ಅಲ್ಲಿಗೆ ಅವನ ಧ್ವನಿ ನಿಂತಿತು.

"ಯಾರೋ ಈ ಅಜ್ಜಿ?"

"ಗೊತ್ತಿಲ್ಲ ಸರ್. ನಮ್ಮಜ್ಜಿ ಹೋಗಿ ಆರು ವರ್ಷ ಆಯ್ತು ಸರ್."

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರು ಇನ್ನೊಂದು ರೆಕಾರ್ಡು ತೆಗೆದರು, ಅಲ್ಲೂ ಅಜ್ಜಿ. ಮತ್ತೊಂದು, ಅಲ್ಲೂ ಅಜ್ಜಿ. ನಗು ಒಂದೊಂದೇ ಬಾಯಲ್ಲಿ ಆರುತ್ತಾ ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಜಾತಿ ಇವರೆಲ್ಲ. ಒಬ್ಬರೂ ಓದಿರಲಿಲ್ಲ, ಬರೆದಿದ್ದರು ಅಷ್ಟೇ. ಹಿಂದಿನ ಬೆಂಚಿನಲ್ಲಿ ಪ್ರಿಂಟರ್ ತನ್ನ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು. ತಾನು ಅದನ್ನು ಬರೆದ ನೆನಪು ಅವಳಿಗಿರಲಿಲ್ಲ. ಆದರೆ ಅದನ್ನು ಅಂದುಕೊಂಡ ನೆನಪು ಚೆನ್ನಾಗಿತ್ತು. ಒಂದು ಸಲವಲ್ಲ, ನೂರು ಸಲ.

ಹನ್ನೆರಡನೆಯದು ಕನ್ನಡಕದವಳ ರೆಕಾರ್ಡು. ಮೇಷ್ಟ್ರು ನೋಡಿ ತಲೆಯೆತ್ತಿದರು. "ನಿಂದ್ರಲ್ಲಿ ಮೂರೇ ಇದೆಯಲ್ಲಮ್ಮಾ. ಅಜ್ಜಿ ಇಲ್ಲ."

ಪ್ರಿಂಟರ್ ಪಕ್ಕಕ್ಕೆ ತಿರುಗಿದಳು. ಕನ್ನಡಕದವಳು ಡೆಸ್ಕು ನೋಡುತ್ತಾ ಪಿಸುಗುಟ್ಟಿದಳು: "ಅವತ್ತೇ ಓದ್ದೆ ಕಣೆ. ಏನಂತ ಕೇಳ್ಲಿ ನಿನ್ನ?" ಹದಿನೈದು ಜನ ಓದದೆ ಬರೆದದ್ದಕ್ಕಿಂತ ಒಬ್ಬಳು ಓದಿ ಬರೆಯದೆ ಇದ್ದದ್ದೇ ಇವಳ ಎದೆಗೆ ಜೋರಾಗಿ ನಾಟಿತು. ಒಂದು ತಿಂಗಳು ಪಕ್ಕದಲ್ಲೇ ಕೂತು, ಮೊಣಕೈಯಿಂದ ತಿವಿಯುತ್ತಾ, ಗೆಳತಿ ಎಲ್ಲ ತಿಳಿದುಕೊಂಡೇ ಇದ್ದಳು.

"ಮೂಲಪ್ರತಿ ಯಾರದ್ದು ಅಂತ ಹೇಳಿದ್ರೆ ಸಹಿ, ಇಲ್ಲಾಂದ್ರೆ ನಾಳೆ ಯಾರಿಗೂ ಪರೀಕ್ಷೆ ಇಲ್ಲ," ಎಂದು ಮೇಷ್ಟ್ರು ಪೆನ್ನು ಮುಚ್ಚಿದರು. ತಮಾಷೆ ಮಾಡಿದ್ದಾರೆ ಎಂದೇ ಅವರಿಗೆ ಸಿಟ್ಟು.

ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬರೂ ಹಿಂದಿನ ಬೆಂಚಿನತ್ತ ಕತ್ತು ಕೂಡ ತಿರುಗಿಸಲಿಲ್ಲ. ಅದನ್ನು ಮೆಚ್ಚಲೇಬೇಕು. ಸುಮ್ಮನಿದ್ದಿದ್ದರೆ ಪ್ರಿಂಟರ್ ಬಚಾವಾಗುತ್ತಿದ್ದಳು, ಅವಳ ಪುಸ್ತಕ ಬ್ಯಾಗಿನಲ್ಲಿ ಭದ್ರವಾಗಿತ್ತು. ಆದರೆ ಹದಿನಾರು ಜನರ ಪರೀಕ್ಷೆಯ ಭಾರವನ್ನೂ ಹೊರುವಷ್ಟು ಜಾಗ ಅವಳ ಹೆಗಲಲ್ಲಿ ಉಳಿದಿರಲಿಲ್ಲ. ಎದ್ದು ನಿಂತಳು.

"ನಂದು ಸರ್. ನಿದ್ದೆಗಣ್ಣಲ್ಲಿ ಬರ್ದುಬಿಟ್ಟೆ."

"ತಗೊಂಡು ಬಾ ಇಲ್ಲಿ."

ಅವಳು ಕೊಟ್ಟಳು. ಮೇಷ್ಟ್ರು ಆ ಪುಟ ತೆರೆದರು. ಮೂರನೆಯ ಸಾಲಿನ ಪಕ್ಕದಲ್ಲೇ ದಪ್ಪನೆಯ ಕೆಂಪು ಟಿಕ್ಕು, ಕೆಳಗೆ ಅವರದೇ ಸಹಿ, ತಾರೀಖಿನ ಸಮೇತ. ಯಾರೋ ಕೆಮ್ಮಿದರು. ಮೇಷ್ಟ್ರ ಮುಖ ಕೆಂಪಾಯಿತು. ತಪ್ಪು ತಮ್ಮದೂ ಇದೆ ಎಂದು ಗೊತ್ತಾದ ಮನುಷ್ಯ ಒಂದೋ ಮೆತ್ತಗಾಗುತ್ತಾನೆ, ಇಲ್ಲ ಇನ್ನಷ್ಟು ಬಿಗಿಯುತ್ತಾನೆ. ಇವರು ಬಿಗಿದರು. ಉಳಿದವರೆಲ್ಲ ಸ್ಕೇಲು ಇಟ್ಟು ಆ ಸಾಲು ಹೊಡೆದುಹಾಕಬೇಕು. ಇವಳು ಮಾತ್ರ ಅದೇ ಪುಟದ ಮೇಲೆ ಮನೆಯವರ ಸಹಿ ಹಾಕಿಸಿಕೊಂಡು ಬರಬೇಕು.

"ಅದಿದ್ರೆ ನಾಳೆ ಬಾ. ಇಲ್ದಿದ್ರೆ ಬರ್ಬೇಡ," ಎಂದರು.

ಮನೆಯವರು ಎಂದರೆ ಇನ್ಯಾರು, ಅಮ್ಮ. ಬಸ್ಸಿನಲ್ಲಿ ಅಂದು ಅವಳಿಗೆ ನಿದ್ದೆ ಹತ್ತಲಿಲ್ಲ. ಅಮ್ಮನ ಸಹಿ ತಾನೇ ಹಾಕಬಹುದಿತ್ತು; ಅಂಥ ಅಕ್ಷರ ಕೈಯಲ್ಲಿದ್ದವಳಿಗೆ ಅದೊಂದು ಕಷ್ಟವೇ? ಪೆನ್ನು ತೆಗೆದೂ ಬಿಟ್ಟಳು. ಆಮೇಲೆ ನೆನೆಸಿಕೊಂಡಳು: ಒಂದು ಸುಳ್ಳು ಹೇಳಿದರೆ ಅದನ್ನು ದಿನಾ ಎಬ್ಬಿಸಬೇಕು, ಕೂರಿಸಬೇಕು, ಮಗ್ಗುಲು ಬದಲಿಸಬೇಕು. ಮನೆಯಲ್ಲಿ ಹಾಗೆ ನೋಡಿಕೊಳ್ಳಬೇಕಾದ್ದು ಈಗಾಗಲೇ ಒಂದಿದೆ. ಪೆನ್ನು ಒಳಗಿಟ್ಟಳು. ಅಮ್ಮನನ್ನು ಹೆತ್ತವಳ ಸಾವು ಬಯಸಿ ತಾನು ಬರೆದದ್ದನ್ನು ಅಮ್ಮ ಓದುತ್ತಾಳೆ. ಓದಿದ ಮೇಲೆ ತನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೋ. ಪರೀಕ್ಷೆ ಹೋದರೆ ಹೋಗಲಿ, ಅಮ್ಮನ ಆ ಕಣ್ಣು ನೋಡಲಾರೆ ಅನ್ನಿಸಿತು. ಆದರೂ ಬಸ್ಸು ಮನೆಯ ಸ್ಟಾಪಿಗೇ ಬಂದು ನಿಂತಿತು.

ಅಮ್ಮ ಬಂದಾಗ ಆರೂಕಾಲು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸೆರಗಿಗೆ ಅಂಟಿದ್ದ ದಾರದ ಚೂರುಗಳನ್ನು ಕಿತ್ತು ಹಾಕುತ್ತಾ ಕುರ್ಚಿಯಲ್ಲಿ ಕುಳಿತಳು. ಮನೆಯಲ್ಲಿದ್ದದ್ದು ಒಂದೇ ದೊಡ್ಡ ಕೋಣೆ; ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಅಜ್ಜಿ, ಗೋಡೆಯ ಕಡೆ ಮುಖ. ಮಗಳು ರೆಕಾರ್ಡು ತೆರೆದು ಅಮ್ಮನ ತೊಡೆಯ ಮೇಲಿಟ್ಟಳು.

"ಏನೇ ಇದು?"

"ಇಲ್ಲಿ ನಿನ್ನ ಸಹಿ ಬೇಕಂತೆ. ಓದಿ ಹಾಕು."

ಅಮ್ಮ ಓದುವುದು ತುಟಿ ಅಲ್ಲಾಡಿಸಿಕೊಂಡು, ನಿಧಾನ. ಎದುರು ನಿಂತ ಮಗಳು ಆ ತುಟಿಗಳನ್ನೇ ನೋಡುತ್ತಿದ್ದಳು. ಥರ್ಮಾಮೀಟರು ತಳಕ್ಕೆ ತಾಗಬಾರದು. ನೀರು ಕಲಕುತ್ತಿರಬೇಕು. ಮೂರನೆಯದಕ್ಕೆ ಬಂದಾಗ ತುಟಿ ನಿಂತಿತು. ಆಮೇಲೆ ನಾಲ್ಕನೆಯದನ್ನೂ ಓದಿದಳು: ಫ್ಯಾನು ಆರಿಸಿರಬೇಕು. ಮತ್ತೆ ಮೂರಕ್ಕೆ ಹೋದಳು.

"ಅಮ್ಮಾ, ನಾನು ಬೇಕೂಂತ..."

"ಪೆನ್ನು ಕೊಡು."

ಸಹಿ ಹಾಕಲು ಅಮ್ಮನಿಗೆ ಹೊತ್ತು ಹಿಡಿಯಿತು. ಇಡೀ ದಿನ ಬಟ್ಟೆ ಒತ್ತಿ ಹಿಡಿದ ಬೆರಳುಗಳು ಸಂಜೆಗೆ ಮಡಚುತ್ತಿರಲಿಲ್ಲ. ಹಾಕಿ ಮುಗಿಸಿ, ಪುಟದ ಮೇಲೆ ಕೈಯಿಟ್ಟುಕೊಂಡು ಮಂಚದ ಕಡೆ ನೋಡಿದಳು. ಧ್ವನಿ ತಗ್ಗಿಸಿ ಹೇಳಿದಳು:

"ಈ ನಾಲ್ಕರಲ್ಲಿ ನಂಗೆ ಅರ್ಥ ಆಗಿದ್ದು ಇದೊಂದೇ ನೋಡು."

ಮಗಳು ಅಮ್ಮನ ಕಾಲ ಬಳಿ ನೆಲದ ಮೇಲೆ ಕುಳಿತಳು.

"ನಂಗಿಂತ ನೀನೇ ವಾಸಿ, ಬರ್ದಾದ್ರೂ ಬರ್ದೆ. ದಿನಾ ಬಸ್ಸಿಳಿದು ಬರೋವಾಗ ಅಂದ್ಕೋತೀನಿ, ಇವತ್ತು ಬಾಗಿಲು ತೆಗೆಯೋ ಹೊತ್ತಿಗೆ ನೀನು ಅಳ್ತಾ ಇರ್ಬೇಕು ಅಂತ. ನೀನು ಅಳ್ತಾ ಇರಲ್ಲ. ನಾನು ಬಂದು ಕೈಕಾಲು ತೊಳ್ಕೋತೀನಿ."

ಮಗಳಿಗೆ ಅಳು ಬಂತು. ಅಮ್ಮನಿಗೆ ಬರಲಿಲ್ಲ, ಅವಳು ಗಡಿಯಾರ ನೋಡಿ, "ಏಳು, ಹೊತ್ತಾಯ್ತು," ಎಂದಳು. ಒಬ್ಬಳು ಭುಜ ಹಿಡಿದಳು, ಒಬ್ಬಳು ಸೊಂಟ ಹಿಡಿದಳು. ಇಬ್ಬರೂ ಸೇರಿ ಅಜ್ಜಿಯನ್ನು ತಮ್ಮ ಕಡೆಗೆ ಹೊರಳಿಸಿದರು.