ದೊಡ್ಡಕ್ಕನ ಕೊನೆಯ ಸೀಸೆ

ಬೀದಿಗೆಲ್ಲ ಚಿಕ್ಕಕ್ಕನಾದ ಈಕೆಗೆ ಅರವತ್ತೆರಡು. ಮದುವೆಯ ಗೊಡವೆಗೆ ಹೋದವಳಲ್ಲ, ಮಾತಿಗಂತೂ ಬರವಿಲ್ಲ. ಮನೆಯಲ್ಲಿ ದ್ರಾಕ್ಷಿ ವೈನ್ ಹುಳಿಯಲು ಇಡುವುದು ಒಡಹುಟ್ಟಿದ ದೊಡ್ಡಕ್ಕನ ಕೆಲಸವಾಗಿತ್ತು, ಬಗ್ಗಿಸಿ ಕೊಡುವುದು ಇವಳದು. ಸೀಸೆಯ ಹಿಂದೆ ದೀಪವಿಟ್ಟು, ಉಸಿರು ಬಿಗಿಹಿಡಿದು ಬಗ್ಗಿಸಿದಳೆಂದರೆ ತಳದಲ್ಲಿ ಕೂತ ಗಸಿಯ ಒಂದು ಕಣವೂ ಲೋಟಕ್ಕೆ ಬೀಳುತ್ತಿರಲಿಲ್ಲ. ಆ ಗಸಿಯನ್ನು ಚೆಲ್ಲುವವರು ಶತದಡ್ಡರು. ಮುಂದಿನ ಭರಣಿಗೆ ಅದೇ ಹೆಪ್ಪು.

ದೊಡ್ಡಕ್ಕ ದಿನಾ ಬೆಳಿಗ್ಗೆ ಆರಕ್ಕೆ ಪ್ರತಿ ಸೀಸೆಯನ್ನೂ ಕಾಲು ಸುತ್ತು ತಿರುಗಿಸುತ್ತಿದ್ದಳು. "ಒಂದ್ಸಲ ಎಬ್ಬಿಸಿ ಮಲಗಿಸಿದ್ರೆ ಗಸಿ ಗಟ್ಟಿಯಾಗಿ ಮಲಗತ್ತೆ" ಎನ್ನುತ್ತಿದ್ದಳು. ಬಗ್ಗಿಸುವ ವಾರ ಮಾತ್ರ ಯಾರೂ ಮುಟ್ಟುವಂತಿರಲಿಲ್ಲ.

ಅವಳು ಸತ್ತು ನಲವತ್ತು ದಿನ. ಉಳಿದದ್ದು ಒಂದೇ ಸೀಸೆ. ಹೊಸ ದ್ರಾಕ್ಷಿ ಹಿಸುಕಿಟ್ಟಾಗಿತ್ತು, ಇನ್ನು ನಾಲ್ಕು ದಿನದಲ್ಲಿ ಹೆಪ್ಪು ಬೀಳದಿದ್ದರೆ ಕೊಳೆಯುತ್ತದೆ. ತಿಳಿ ಬಗ್ಗಿಸದೆ ಕದಡಿದ್ದನ್ನೇ ಸುರಿದರೆ ಹಳೆಯ ವೈನಿನ ಕಹಿಯೂ ಜೊತೆಗೆ ಬರುತ್ತದೆ. ಆದರೆ ರಾತ್ರಿ ತಿಳಿಯಾಗಿದ್ದ ಸೀಸೆ ದಿನಾ ಬೆಳಿಗ್ಗೆ ಕದಡಿರುತ್ತಿತ್ತು.

"ಸೆಕೆ ಕಣೇ ಚಿಕ್ಕಕ್ಕ, ಮತ್ತೆ ಉಕ್ತಾ ಇದೆ" ಎಂದ ಮಹಡಿಯ ಮೇಲೆ ವಾಸವಿದ್ದ ತಮ್ಮ.

"ಉಕ್ಕಿದ್ರೆ ಬಿರಡೆ ಹಾರತ್ತೆ. ಸೀಸೆಗೆ ಅಂಟಿಸಿದ ಚೀಟಿ ಗೋಡೆ ಕಡೆ ತಿರುಗತ್ತೇನೋ?"

ಹೌದು, ಕಿಟಕಿಗೆ ಮುಖವಾಗಿಟ್ಟ ಚೀಟಿ ಬೆಳಿಗ್ಗೆಗೆ ಗೋಡೆಯತ್ತ ಸರಿದಿರುತ್ತಿತ್ತು. ಚಿಕ್ಕಕ್ಕ ಸೀಸೆಯ ಸುತ್ತ ಹಲಗೆಯ ಮೇಲೂ ಕೆಳಗೆ ನೆಲದ ಮೇಲೂ ಹಿಟ್ಟು ಉದುರಿಸಿ ಬಾಗಿಲಿಗೆ ಬೀಗ ಹಾಕಿದಳು. ಬೆಳಿಗ್ಗೆ ಹಿಟ್ಟು ಹಾಗೇ ಇತ್ತು, ಸೀಸೆ ತಿರುಗಿತ್ತು.

ಮರುದಿನ ಆರಕ್ಕೆ ಮೊದಲೇ ಎದುರು ಕುರ್ಚಿ ಹಾಕಿ ಕೂತಳು. ಗಡಿಯಾರ ಆರು ಹೊಡೆಯಿತು. ಸೀಸೆ ಮೆಲ್ಲಗೆ, ಅಭ್ಯಾಸವಿದ್ದ ಕೈಯೊಂದು ಹಿಡಿದಂತೆ, ಕಾಲು ಸುತ್ತು ತಿರುಗಿತು. ತಳದಿಂದ ಗಸಿ ಹೊಗೆಯ ಹಾಗೆ ಎದ್ದಿತು.

ಅವಳಿಗೆ ಭಯಕ್ಕಿಂತ ಸಂಕಟವೇ ಹೆಚ್ಚಾಯಿತು. "ಅಕ್ಕಾ, ಇದು ಬಗ್ಗಿಸೋ ವಾರ" ಎಂದಳು. "ನೀನು ಹೋಗೇ. ಇನ್ನು ನಾನು ನೋಡ್ಕೋತೀನಿ."

ಮರುದಿನ ಗಸಿ ಏಳಲಿಲ್ಲ. ಚಿಕ್ಕಕ್ಕ ಕೈ ಅಲುಗದೆ ತಿಳಿಯನ್ನು ಬಗ್ಗಿಸಿದಳು, ಹೆಪ್ಪು ಹಾಕಿದಳು, ಮೂರನೇ ದಿನಕ್ಕೆ ಭರಣಿಯಲ್ಲಿ ನೊರೆಯೆದ್ದಿತು. ತಮ್ಮ ಕುಣಿದಾಡಿದ. ಅವಳು ಮಾತ್ರ ಅಂದಿನಿಂದ ಬೆಳಗಾಗುವ ಮುಂಚೆಯೇ ಖಾಲಿ ಸೀಸೆಯ ಎದುರು ಆ ಕುರ್ಚಿಯಲ್ಲಿ ಕೂತು, ಅದನ್ನು ಮುಟ್ಟದೆ, ತಿರುಗೀತೇ ಎಂದು ಕಾಯುತ್ತಾಳೆ. ಹೋಗೆಂದಿದ್ದು ತಾನೇ. ಬಾ ಎನ್ನಲು ಇನ್ನೂ ಬಾಯಿ ಬಂದಿಲ್ಲ.