ಮೇಷ್ಟ್ರ ಮನೆಯ ಮಧ್ಯಾಹ್ನಗಳು

ನಮ್ಮ ಪಕ್ಕದ ಮನೆಯ ಭೂಗೋಳದ ಮೇಷ್ಟ್ರು ನಿವೃತ್ತರಾಗಿದ್ದಾರೆ, ಆದರೆ ದುಂಡಗಿರುವುದು ಏನು ಕಂಡರೂ ಅವರಿಗೆ ಪಾಠ ಉಕ್ಕಿ ಬರುತ್ತದೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಹೆಚ್ಚಲು ತೆಗೆದಿಟ್ಟ ಈರುಳ್ಳಿಯನ್ನೇ ಎತ್ತಿಕೊಂಡು, ಕಿಟಕಿಯ ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತ, "ನೋಡಿ, ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಮಧ್ಯಾಹ್ನ ಆಗಲ್ಲ" ಎನ್ನುತ್ತಾರೆ. ತಿರುಗಿಸುವ ಆ ಕೈ ಒಂದು ದಿನವಾದರೂ ಈರುಳ್ಳಿ ಹೆಚ್ಚಿದ್ದನ್ನು ನಾನು ಕಂಡಿಲ್ಲ. ಭೂಮಿಯ ಮಾತು ಹಾಗಿರಲಿ, ಅವರ ಮನೆಯೊಳಗೇ ಮೂರು ಮಧ್ಯಾಹ್ನಗಳಿವೆ. ಅಕ್ಕನ ಅತ್ತೆಗೆ ಹನ್ನೊಂದಕ್ಕೆ ಊಟ, ಮೇಷ್ಟ್ರಿಗೆ ಒಂದಕ್ಕೆ, ತಡವಾಗಿ ಏಳುವ ಮಗರಾಯನಿಗೆ ಮೂರಕ್ಕೆ. ಮೂವರಿಗೂ ಬಿಸಿಬಿಸಿಯೇ ಆಗಬೇಕು. ಅಕ್ಕ ಮಾತ್ರ ಒಲೆಯ ಪಕ್ಕ ನಿಂತುಕೊಂಡೇ, ತಣ್ಣಗಾಗಿ ತಳದಲ್ಲಿ ಉಳಿದದ್ದನ್ನು ಪಾತ್ರೆಯಿಂದಲೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ: "ಮೇಷ್ಟ್ರೇ, ಅಕ್ಕನಿಗೆ ಮಧ್ಯಾಹ್ನ ಎಷ್ಟೊತ್ತಿಗೆ?" ಅವರು ನಗುತ್ತ ಈರುಳ್ಳಿಯ ತುದಿ ತೋರಿಸಿದರು. "ಅವಳು ಈ ಮನೆಯ ಧ್ರುವ ಕಣಮ್ಮ. ರೇಖಾಂಶಗಳೆಲ್ಲ ಬಂದು ಸೇರೋದು ಅಲ್ಲೇ. ಧ್ರುವಕ್ಕೆ ತನ್ನದೇ ಟೈಮು ಅಂತ ಇರಲ್ಲ." ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಾರೆ ಪುಣ್ಯಾತ್ಮರು! ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, "ಒಂದು ರೇಖೆ ಹಿಡಿದು ಇಡೀ ದೇಶಕ್ಕೆ ಒಂದೇ ಟೈಮು ಮಾಡ್ತಾರೆ ಅಂತಾನೂ ನೀವೇ ಹೇಳಿದ್ರಲ್ಲ? ನಾಳೆಯಿಂದ ಈ ಮನೇಲೂ ಹಾಗೇ. ನಂಗೆ ಹಸಿವಾದಾಗ ಎಲ್ಲರಿಗೂ ಮಧ್ಯಾಹ್ನ" ಎಂದು, ಮೇಷ್ಟ್ರ ಈರುಳ್ಳಿ ಹಿಡಿಯದ ಖಾಲಿ ಕೈಗೆ ಚಾಕು ಕೊಟ್ಟರು.