ಹಳ್ಳದ ದಡಕ್ಕೆ ಬಂದ ಪ್ರಶ್ನೆ

ಶಾಸಕರು ಪ್ರಶ್ನೆ ಕೇಳುವುದು, ಸರ್ಕಾರ ಉತ್ತರಿಸುವುದು ಪ್ರಜಾಪ್ರಭುತ್ವದ ಜೀವಾಳ. ಆದರೆ ಆ ಉತ್ತರ ಸರ್ಕಾರದ ಬಳಿ ಇರುವುದಿಲ್ಲ ಎಂದು ನನಗೆ ತಿಳಿದದ್ದು, ಕಳೆದ ಮಳೆಗಾಲದ ಅಧಿವೇಶನದ ಹೊತ್ತಿಗೆ ಎಂಜಿನಿಯರೊಬ್ಬರು ಅದನ್ನು ಹುಡುಕಿಕೊಂಡು ಮೆಣಸೆ ಹತ್ತಿರದ ನಮ್ಮ ಹಳ್ಳದ ದಡಕ್ಕೆ ಏದುಸಿರು ಬಿಡುತ್ತ ಬಂದಾಗ.

ಹಳ್ಳ ದಾಟಲು ಇದ್ದ ಅಡಿಕೆ ಮರದ ಹಳೆಯ ಕಾಲುಸಂಕ ಮಳೆಗೆ ಕೊಚ್ಚಿಹೋಗಿತ್ತು. ಹೊಸದು ಯಾವಾಗ ಎಂದು ಶಾಸಕರು ಸದನದಲ್ಲಿ ಪ್ರಶ್ನೆ ಹಾಕಿದ್ದರು. ಸಂಜೆಯೊಳಗೆ ಬೆಂಗಳೂರಿಗೆ ಮಾಹಿತಿ ಹೋಗಬೇಕಿತ್ತು.

“ಸಂಕ ಆದ್ರೆ ಯಾರಿಗೆಲ್ಲ ಅನುಕೂಲ ಅಮ್ಮ?” ಎಂದು ಎಂಜಿನಿಯರು ನಮೂನೆ ಬಿಚ್ಚಿ, ನನ್ನ ಜೊತೆಗಿದ್ದ ನೆರೆಮನೆಯ ಲಕ್ಷ್ಮಕ್ಕನನ್ನು ಕೇಳಿದರು. ಲಕ್ಷ್ಮಕ್ಕನಿಗೆ ಎಪ್ಪತ್ತು ದಾಟಿದೆ.

“ಅಗೋ, ಆಚೆ ದಡದಲ್ಲಿ ನಿಂತಿದಾಳಲ್ಲ ನಮ್ಮಕ್ಕ, ಅವಳಿಗೆ. ಹಳ್ಳ ತುಂಬಿದ್ರೆ ಮೂರು ತಿಂಗಳು ಇಲ್ಲಿಂದ್ಲೇ ಕೂಗಿ ಮಾತಾಡ್ತಿದ್ವಿ ಮಾರಾಯ್ರೆ. ಈಗ ಅವಳಿಗೆ ಕಿವಿ ಕೇಳ್ಸೂದಿಲ್ಲ.”

ಎಂಜಿನಿಯರು ಪೆನ್ನು ಹಿಡಿದುಕೊಂಡೇ ಅತ್ತ ತಿರುಗಿದರು. ಆಚೆ ದಡದ ಅಜ್ಜಿ, ಬಂದವರು ಯಾರೆಂದು ಗೊತ್ತಿಲ್ಲದೆಯೂ ಎರಡು ಕೈ ಎತ್ತಿ ಮುಗಿದರು. ಸರ್ಕಾರವೂ ಪೆನ್ನನ್ನು ಜೇಬಿಗಿಟ್ಟು, ಕೈ ಎತ್ತಿ ಮುಗಿಯಿತು. ಆಮೇಲೆ ಷರಾ ಕಾಲಂನಲ್ಲಿ ಲಕ್ಷ್ಮಕ್ಕ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡಿತು.

ಸದನದಲ್ಲಿ ಆ ಪ್ರಶ್ನೆಗೆ ಸರದಿ ಬರಲೇ ಇಲ್ಲ; ಲಿಖಿತ ಉತ್ತರ ಮಂಡಿಸಿದರಂತೆ. ಅದರಲ್ಲಿ ಏನಿತ್ತೋ ನಾನು ಓದಿಲ್ಲ. ಬೇಸಿಗೆಯಲ್ಲಿ ಸಂಕ ಆಯಿತು. ಈ ಸಲ ಹಳ್ಳ ತುಂಬಿದ ದಿನ ಲಕ್ಷ್ಮಕ್ಕ ಅಕ್ಕನ ಮನೆಯಲ್ಲಿದ್ದರು.